ಹಿರಿಯರ ಎಡೆಯ ಮಡಕೆ

ಅಧ್ಯಕ್ಷತೆ ವಹಿಸಿರುವ ನನ್ನ ಮೈದುನ, ಕುಂಬಾರರ ಸಂಘದ ಸೋಮಶೇಖರ್ ಅವರೇ, ಮೈಸೂರಿನ ವಸ್ತುಸಂಗ್ರಹಾಲಯದಿಂದ ಬಂದಿರುವ ಅತಿಥಿಗಳೇ, ಕೋಟೆ ಊರಿನ ಹಿರಿಯರೇ, ಕುರ್ಚಿ ಖಾಲಿಯಿದ್ದರೂ ಬಾಗಿಲಲ್ಲೇ ನಿಂತಿರುವ ನಮ್ಮ ಕಾಡಂಚಿನ ಹಾಡಿಯ ಬಂಧುಗಳೇ, ಸಭಿಕರೇ,

ಮೊದಲು ಹಾಡಿಯವರು ಒಳಗೆ ಬಂದು ಕೂರಲಿ. ನಾನು ಕಾಯುತ್ತೇನೆ. ಅಂಗನವಾಡಿ ನಡೆಸಿ ನಿವೃತ್ತಳಾದವಳು ನಾನು. ಎಲ್ಲರೂ ಕೂರುವ ತನಕ ಪಾಠ ಶುರು ಮಾಡಿದ್ದೇ ಇಲ್ಲ.

ತೀರಿಕೊಂಡ ನನ್ನ ಯಜಮಾನರು ಅಂಕಯ್ಯನವರಿಗೆ ಸಲ್ಲಬೇಕಾದ ಶಾಲನ್ನು ನನಗೆ ಹೊದಿಸಿದ್ದೀರಿ. ಸಂತೋಷ. ಅವರೇ ಇದ್ದಿದ್ದರೆ ಇದನ್ನು ಹಸಿ ಮಡಕೆಗಳ ಮೇಲೆ ಹೊದಿಸಿ ನೆರಳು ಮಾಡುತ್ತಿದ್ದರು. ವೇದಿಕೆಯ ಮೇಲಿರುವ, ಅವರು ಮಡಕೆ ತಿರುಗಿಸುತ್ತಿದ್ದ ಈ ಚಕ್ರ, ಅವರ ತಿಗರಿ, ನಮ್ಮ ಕೇರಿಯಲ್ಲಿ ಉಳಿದಿರುವ ಕೊನೆಯ ತಿಗರಿಯೆಂದೂ, ಈ ಸಭೆ ಮುಗಿದ ಕೂಡಲೇ ಅದು ಮೈಸೂರಿಗೆ ಹೋಗಿ ಗಾಜಿನ ಹಿಂದೆ ನಿಲ್ಲುವುದೆಂದೂ ಅಧ್ಯಕ್ಷರು ಹೆಮ್ಮೆಯಿಂದ ಸಾರಿದರು. ಆ ವಿಷಯಕ್ಕೆ ಬರುತ್ತೇನೆ.

ಸಾಲಿಗ್ರಾಮದಿಂದ ಸೊಸೆಯಾಗಿ ಬಂದ ದಿನವೇ ನಮ್ಮತ್ತೆ ಹೇಳಿದರು: "ಮಣ್ಣು ತುಳಿ, ಸೌದೆ ತಾ, ಮಡಕೆ ತಟ್ಟು. ತಿಗರಿ ಮಾತ್ರ ಮುಟ್ಬ್ಯಾಡ ಕಣವ್ವ, ಅದು ಗಂಡಸರ್ದು." ನಾನು ಮುಟ್ಟಲಿಲ್ಲ. ಆದರೆ ಸಭಿಕರೇ, ತಿಗರಿಯಿಂದ ಇಳಿದ ಮಡಕೆಗೆ ತಳ ಇರುವುದಿಲ್ಲ, ಗೊತ್ತೇ? ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಕೂಡಿಸಬೇಕು. ಆ ಕೆಲಸ ಹೆಂಗಸರದು. ಬಾಯಿ ಅವರದು, ತಳ ನನ್ನದು. ಊರೆಲ್ಲ ಬಾಯಿ ನೋಡಿ ಹೊಗಳಿತು. ಒಲೆಯ ಮೇಲೆ ಕೂತದ್ದು ಯಾವುದು?

ದೂರುತ್ತಿಲ್ಲ. ನಾನು ತಟ್ಟುವಾಗ ಅವರು ಎದುರಿಗೆ ಕೂತು ಬೀಡಿ ಹಚ್ಚದೆ ಸುಮ್ಮನೆ ನೋಡುತ್ತಿದ್ದರು. ಅಷ್ಟು ಸಾಕಾಗಿತ್ತು ನನಗೆ.

ಕೋಟೆಯವರೆಲ್ಲ ಸ್ಟೀಲು, ಕುಕ್ಕರಿಗೆ ತಿರುಗಿದರು. ಹಾಡಿಯವರೂ ದಿನದ ಅಡುಗೆಗೆ ಅದನ್ನೇ ಬಳಸುತ್ತಾರೆ. ಆದರೆ ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವಾಗ ಹೊಸ ಮಡಕೆಯಲ್ಲೇ ಅನ್ನ ಬೇಯಬೇಕು. ಅದಕ್ಕೆ ಹಾಡಿಯ ಬೊಮ್ಮಮ್ಮ ಜೇನು ತಂದುಕೊಟ್ಟು ಮಡಕೆ ಒಯ್ಯುತ್ತಿದ್ದಳು. ಆ ದಿನ ನಾನೂ ಯಜಮಾನರೂ ಹಾಡಿಯವರ ಪಂಕ್ತಿಯಲ್ಲೇ ಉಣ್ಣುತ್ತಿದ್ದೆವು.

ಹೋದ ವರ್ಷ ಯಜಮಾನರಿರಲಿಲ್ಲ. ಅಟ್ಟದ ಮೇಲೆ ಉಳಿದಿದ್ದ ಮಡಕೆ ಹೊತ್ತು ನಾನೊಬ್ಬಳೇ ಹೋದೆ. ತೀರಿಹೋದ ತಮ್ಮವರಿಗೆಲ್ಲ ಎಲೆ ಹಾಕಿದ ಮೇಲೆ ಬೊಮ್ಮಮ್ಮ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿದಳು. ಯಾರದೆಂದು ಕೇಳಿದೆ.

"ಅಂಕಯ್ಯಣ್ಣಂದು ಕಣವ್ವ. ನಮ್ಮೋರ್ಗೆಲ್ಲ ಅನ್ನ ಬೇಯ್ಸೋಕೆ ಮಡಕೆ ಕೊಟ್ಟೋನು. ಅವನ್ನ ಬುಟ್ಟು ಎಂಗೆ ಬಡ್ಸೋದು?"

ಅಲ್ಲೇ ಕೂತು ಅತ್ತುಬಿಟ್ಟೆ. ಮನೆಯಲ್ಲಿ ತಿಥಿ ಮಾಡಿದ ದಿನ ಅಡುಗೆಯವರನ್ನು ವಿಚಾರಿಸುವ ಗಡಿಬಿಡಿಯಲ್ಲಿ ಅಳುವುದಕ್ಕೂ ಆಗಿರಲಿಲ್ಲ.

ಈಗ ಅಟ್ಟ ಖಾಲಿ. ಈ ವರ್ಷ ಆ ಎಲೆಗೆ ಯಾವುದರಲ್ಲಿ ಬೇಯಿಸುವುದು? "ಅತ್ತಿಗೆ, ಅಂಗಡೀಲಿ ಬೇಕಾದಂಗೆ ಮಡಕೆ ಸಿಗ್ತವೆ, ತಂದ್ಕೊಡ್ತೀನಿ ಬುಡಿ" ಎಂದರು ನಮ್ಮ ಅಧ್ಯಕ್ಷರು. ತಂದೂ ಕೊಟ್ಟರು. ಬಣ್ಣ ಹಚ್ಚಿದವು, ಹೊಳೆಯುವಂಥವು. ಹೂವಿಡಲು ಬಹಳ ಚೆನ್ನ. ಒಂದನ್ನು ಬೆಂಕಿಗೆ ಇಟ್ಟು ನೋಡಿದೆ. ಪಟ್ಟನೆ ಸಿಡಿಯಿತು. ಅಕ್ಕಿ ಒಲೆಗೆ, ಮೈದುನರು ಅಂಗಳಕ್ಕೆ.

ಮಾರನೆಯ ದಿನ ಬಾಗಿಲು ಹಾಕಿಕೊಂಡು ತಿಗರಿಯ ಮುಂದೆ ಕೂತೆ. ಹೌದು, ಮುಟ್ಟಿದೆ. ಅಧ್ಯಕ್ಷರಿಗೆ ಯಾರಾದರೂ ಸ್ವಲ್ಪ ನೀರು ಕೊಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನ್ನ ಮಡಕೆಗೆ ದೊಣ್ಣೆಯೂ ಬೇಕಾಗಲಿಲ್ಲ, ತಾನೇ ಕುಸಿಯಿತು. ಕುಸಿಯಲಿ ಎಂದು ಮತ್ತೆ ಕೂತೆ. ದಿನಾ ಕೂತೆ. ಈಗ ಮಡಕೆಯ ಮೈ ನಿಲ್ಲುತ್ತಿದೆ. ಬಾಯಿ ಮಾತ್ರ ಸೊಟ್ಟ. ಬೊಮ್ಮಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಬಾಯಿ ವಸಿ ಓರೆ ಕಣವ್ವ. ಅನ್ನ ಬೇಯ್ತದಲ್ಲ, ಸಾಕು ಬುಡು" ಎಂದಳು.

ಆದ್ದರಿಂದ ಅತಿಥಿಗಳೇ, ತಿಗರಿಯನ್ನು ಕೊಡಲಾಗುವುದಿಲ್ಲ. ದೂರದಿಂದ ಬಂದಿದ್ದೀರಿ, ಬೇಸರ ಮಾಡಿಕೊಳ್ಳಬೇಡಿ, ಊಟ ಮುಗಿಸಿಕೊಂಡು ಹೊರಡಿ. ಗಾಜಿನ ಹಿಂದೆ ಏನಾದರೂ ಇಡಲೇಬೇಕೆಂದರೆ ಮೈದುನರು ತಂದ ಮಡಕೆಗಳಿವೆ. ಅಲ್ಲಿ ಅವಕ್ಕೂ ಕ್ಷೇಮ.

ಹಾಡಿಯವರೇ, ಹೋಗುವಾಗ ಒಂದೊಂದು ಕೈ ಹಾಕಿ ತಿಗರಿಯನ್ನು ನನ್ನ ಮನೆಗೆ ಮುಟ್ಟಿಸಿ. ಅದರ ಮೇಲಿನ ಹಾರ ತೆಗೆದುಬಿಡಿ, ತಿರುಗುವಾಗ ಸಿಕ್ಕಿಕೊಳ್ಳುತ್ತದೆ. ನನ್ನ ಗಂಡನ ಎಲೆಗೆ ಬಡಿಸುವ ಅನ್ನ, ಬಾಯಿಯೂ ತಳವೂ ನಾನೇ ಮಾಡಿದ ಮಡಕೆಯಲ್ಲಿ ಬೇಯಲಿ.

ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮ್ಮೆಲ್ಲರಿಗೂ ವಂದನೆ. ನಮಸ್ಕಾರ.