ಬಾಲ್ಕನಿ ಬಾಗಿಲು

ಹಂಪನಕಟ್ಟೆಯ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಕುರ್ಚಿಗಳಲ್ಲಿ ಹಸನಬ್ಬ ಮತ್ತು ಅವರ ಹೆಂಡತಿ ಸುಹರಾ ಕೂತಿದ್ದರು. ಸೊಂಟನೋವು ಯಾವಾಗಿನಿಂದ ಎಂದು ಕೌಂಟರಿನ ಹುಡುಗಿ ಹಸನಬ್ಬರನ್ನು ಕೇಳಿದಳು.

“ನಾವು ಮಸ್ಕತ್ತಿನಲ್ಲಿರುವಾಗ ಗೋನು ಚಂಡಮಾರುತ ಬಂತಲ್ಲ, ಅಂದಿನಿಂದ. ಬಾಲ್ಕನಿ ಬಾಗಿಲಿಗೆ ಬೆನ್ನು ಕೊಟ್ಟು ಇಡೀ ಹಗಲು ಗಾಳಿಯನ್ನು ತಡೆದು ನಿಂತವ ನಾನು!”

“ಆ ಬಾಗಿಲು ತೆರೆಯುವುದು ಹೊರಗೆ,” ಅಂದರು ಸುಹರಾ.

“ಎಂತ?”

“ಹೊರಗೆ. ದಿನಾ ತೆರೆಯುವಾಗ ನನ್ನ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ತಾಗ್ತಿತ್ತು. ಅವತ್ತು ಗಾಳಿಯೇ ಅದನ್ನು ಒತ್ತಿ ಮುಚ್ಚಿಟ್ಟಿತ್ತು. ನೀವು ದೂಡಿದ್ದು ತೆರೆಯಲಿಕ್ಕೆ.”

“ಮತ್ತೆ ತೆರೆಯಲಿಲ್ಲ ಯಾಕೆ?”

“ನಾನು ಚಿಲಕ ಹಾಕಿದ್ದೆ.”

ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟಳು. ನಾನು ಪೇಪರ್ ಓದುವ ಹಾಗೆ ಮಾಡಿದೆ.

“ಇಷ್ಟು ವರ್ಷ ಊರಿಡೀ ಹೇಳಿಕೊಂಡು ಬಂದೆನಲ್ಲ ಮಾರಾಯ್ತಿ! ಅವತ್ತೇ ಹೇಳ್ಲಿಕ್ಕೆ ಆಗ್ತಿರಲಿಲ್ವಾ?”

“ಹೇಗೆ ಹೇಳುವುದು? ಗಾಜು ಅದುರುವಾಗೆಲ್ಲ ಮಕ್ಕಳು ನಿಮ್ಮನ್ನೇ ನೋಡ್ತಿದ್ದರು. ನೀವು ಹಿಡ್ಕೊಂಡಿದ್ದೀರಿ ಅಂತ ಅವರು ಅಳು ನಿಲ್ಲಿಸಿದ್ದು.”

ಹಸನಬ್ಬ ಹೆಂಡತಿಯ ಕಡೆಗೆ ತಿರುಗಿದರು.

“ನಿನಗೆ? ನಿನಗೂ ಧೈರ್ಯ ಬಂತಾ?”

“ನನಗೆ ಚಿಲಕ ಇತ್ತಲ್ಲ.”

ಅಷ್ಟರಲ್ಲಿ ಅವರ ಹೆಸರು ಕರೆದರು. ಹಸನಬ್ಬ ಸೊಂಟ ಹಿಡಿದುಕೊಂಡು ಎದ್ದು ಹೋಗಿ ಡಾಕ್ಟರ ಕೋಣೆಯ ಬಾಗಿಲನ್ನು ಭುಜ ಕೊಟ್ಟು ದೂಡಿದರು. ಅದು ಅಲುಗಲಿಲ್ಲ. ಇನ್ನೂ ಜೋರಾಗಿ ದೂಡಿದರು.

ಸುಹರಾ ಈ ಸಲವೂ ಏನೂ ಹೇಳಲಿಲ್ಲ. ಹಿಂದಿನಿಂದ ಕೈ ಚಾಚಿ, ಹಿಡಿಯನ್ನು ಮೆಲ್ಲ ತಮ್ಮ ಕಡೆಗೆ ಎಳೆದರು.