ಎರಡನೇ ಲಾಕು

ಮಳೆ ಮಧ್ಯಾಹ್ನವೇ ಶುರುವಾಗಿತ್ತು. ನಾಲ್ಕು ಸೀಟಿನ ಪುಟ್ಟ ವಿಮಾನ ಶೆಡ್ಡಿನ ಹೊರಗೆ ನೆನೆಯುತ್ತ ನಿಂತಿತ್ತು. ಅದರಲ್ಲಿ ಹೋಗಬೇಕಾದ ನಾನು, ಹಾರಿಸಬೇಕಾದ ಪೈಲಟ್ ಹೆಂಗಸು, ಅವಳ ಸೋದರಮಾವನಾದ ಮುದಿ ಮೆಕ್ಯಾನಿಕ್, ಮೂವರೂ ಒಳಗೆ ಎಣ್ಣೆ ಡಬ್ಬಗಳ ನಡುವೆ ಸ್ಟೂಲು ಎಳೆದುಕೊಂಡು ಕೂತಿದ್ದೆವು. ಮೆಕ್ಯಾನಿಕ್ಕಿಗೆ ಅದು ಕೆಲಸದ ಕೊನೆಯ ದಿನ. ಇಷ್ಟು ವರ್ಷದಲ್ಲಿ ಇಲ್ಲಿ ಏನಾದರೂ ಕಂಡದ್ದುಂಟೇ ಎಂದು ಹೊತ್ತು ಹೋಗದೆ ನಾನೇ ಕೇಳಿದೆ. ಅವರು ಕೈ ಒರೆಸುವ ಬಟ್ಟೆಯನ್ನು ಮೊಣಕಾಲ ಮೇಲೆ ಹರವಿಕೊಂಡು, ಸೊಸೆಯ ಕಡೆ ಒಮ್ಮೆ ನೋಡಿ, ಶುರುಮಾಡಿದರು.

"ದೆವ್ವ ಕಂಡಿದ್ದೀರಾ ಅಂತ ತಾನೇ ನೀವು ಕೇಳ್ತಿರೋದು? ಕಾಣೋದೇನು ಬಂತು ಸ್ವಾಮಿ... ಇಪ್ಪತ್ತಾರು ವರ್ಷದಿಂದ ಅದರ ಜೊತೆಗೇ ಡ್ಯೂಟಿ ಮಾಡ್ತಿದ್ದೀನಿ. ಹೆದರಿಕೆ ಯಾವತ್ತೋ ಸವೆದುಹೋಯ್ತು, ಈಗ ಸುಸ್ತು ಮಾತ್ರ ಉಳಿದಿದೆ.

"ನಿಂತ ವಿಮಾನದ ಬಾಲದ ರೆಕ್ಕೆ ಗಾಳಿಗೆ ಬಡ್ಕೋಬಾರ್ದು ಅಂತ ಅದಕ್ಕೊಂದು ಲಾಕು ಸಿಕ್ಕಿಸ್ತೀವಿ, ಕೆಂಪು ಪಟ್ಟಿ ಕಟ್ಟಿರುತ್ತೆ. ಹೊರಡೋ ಮೊದಲು ತೆಗೀಬೇಕು, ಇಲ್ದಿದ್ರೆ ಮೂತಿ ಮೇಲಕ್ಕೇ ಏಳಲ್ಲ. ಒಳಗೆ ಕೂತವರಿಗೆ ಬಾಲ ಕಾಣಲ್ವಲ್ಲ? ಅದಕ್ಕೇ ನಮ್ಮಲ್ಲೊಂದು ಪದ್ಧತಿ. ನಾನು ಲಾಕು ತೆಗೆದು, ವಿಮಾನದ ಮುಂದೆ ಬಂದು ನಿಂತು, ಎತ್ತಿ ತೋರಿಸ್ಬೇಕು, ಪೈಲಟ್ಟು ಹೆಬ್ಬೆರಳು ಎತ್ತಬೇಕು, ಆಮೇಲೇ ಹೊರಡೋದು. ಇವಳಪ್ಪ, ಅಂದ್ರೆ ನಮ್ಮ ಭಾವ, ಆಗ ಇಲ್ಲಿ ಪೈಲಟ್ಟು. ಬಾಲದ ರೆಕ್ಕೆ ಆಡುತ್ತಾ ಅಂತ ಒಳಗಿಂದ ಸ್ಟಿಕ್ಕು ಎಳೆದು ನೋಡ್ಕೊಳ್ಳಿ ಭಾವ ಅಂದ್ರೆ, 'ನಿನ್ನ ಕೈ ನೋಡಿದ್ನಲ್ಲ, ಸಾಕು ಬಿಡು' ಅನ್ನೋರು. ಅಷ್ಟು ನಂಬಿಕೆ... ಯಾರ ಮೇಲೂ ಇಡಬಾರ್ದು ಕಣ್ರೀ.

"ಅವತ್ತೂ ಹೀಗೇ ಮಳೆ. ಎರಡು ದಿನದಿಂದ ಒಂದೇ ಸಮ ಇಂಜಿನ್ ಕೆಲಸ, ಕಣ್ಣು ಮುಚ್ಚಿರ್ಲಿಲ್ಲ. ಬೆಳಿಗ್ಗೆ ಇನ್ನೊಂದು ವಿಮಾನದಿಂದ ತೆಗೆದ ಲಾಕು ಕೋಟಿನ ಜೇಬಲ್ಲೇ ಇತ್ತು. ಕೈಗೆ ಅದು ಸಿಕ್ತು, ಸರಿ, ತೆಗೆದಾಯ್ತು ಅಂದ್ಕೊಂಡು ಎತ್ತಿ ತೋರಿಸ್ದೆ... ಭಾವ ಹೆಬ್ಬೆರಳು ಎತ್ತಿದ್ರು. ವಿಮಾನ ಓಡ್ತು, ಓಡ್ತು, ನೆಲ ಬಿಡಲೇ ಇಲ್ಲ, ಹೋಗಿ ಕಾಂಪೌಂಡ್ ಗೋಡೆಗೆ ಬಡೀತು. ಮೊದಲು ಓಡಿ ಮುಟ್ಟಿದವನು ನಾನೇ. ಮುಟ್ಟಿ ಏನು ಮಾಡ್ದೆ ಹೇಳಿ? ಭಾವನ ಹತ್ರ ಹೋದ್ನಾ? ಇಲ್ಲ... ಬಾಲದ ಹತ್ರ ಹೋದೆ. ಲಾಕು ಕಿತ್ತು ಜೇಬಿಗೆ ಹಾಕ್ಕೊಂಡೆ.

"ಸತ್ತ ಪೈಲಟ್ಟಿಂದೇ ತಪ್ಪು ಅಂತ ವಿಚಾರಣೆಯವರು ಬರೆದ್ರು. ಆ ಮಾತು ಹೊತ್ಕೊಂಡೇ ಅಕ್ಕ ಸತ್ಲು. ನಾನು ಬಾಯಿ ಬಿಡ್ಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ಯಾರು ಆ ವಿಷಯ ಎತ್ತಿದ್ರೂ ನನ್ನ ಕೈ ಜೇಬಿಗೆ ಹೋಗೋದು.

"ಆವತ್ತಿಂದ, ಯಾವ ವಿಮಾನದ ಮುಂದೆ ನಿಂತು ಲಾಕು ಎತ್ತಿದ್ರೂ, ಪೈಲಟ್ಟಿನ ಬೆನ್ನ ಹಿಂದಿನ ಸೀಟಲ್ಲಿ ಭಾವ ಕೂತಿರ್ತಾರೆ. ಹೆಬ್ಬೆರಳಲ್ಲ... ಎರಡು ಬೆರಳು ಎತ್ತುತ್ತಾರೆ. ಮುಖದಲ್ಲಿ ಕೋಪ ಏನಿಲ್ಲ. ಎರಡನೇದು ಎಲ್ಲಪ್ಪ ಅಂತ, ಅಷ್ಟೇ. ಕೋಪ ಮಾಡ್ಕೊಂಡಿದ್ರೆ ನನಗೆ ಇಷ್ಟು ಸುಸ್ತಾಗ್ತಿರ್ಲಿಲ್ಲ."

ಅವರು ಟೂಲು ಪೆಟ್ಟಿಗೆಯ ತಳದಿಂದ ತುಕ್ಕು ಹಿಡಿದ ಲಾಕೊಂದನ್ನು ತೆಗೆದು ಸೊಸೆಯ ಕೈಗಿಟ್ಟರು. ಅಪ್ಪನ ತಪ್ಪು ಎಂದು ಕೇಳುತ್ತಲೇ ಬೆಳೆದವಳು ಅವಳು. ಬಣ್ಣ ಹೋದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮಳೆ ನಿಲ್ಲುವವರೆಗೂ ಕೂತಿದ್ದಳು.

"ಇದೆಲ್ಲ ನಾಳೆ ಬರೆದುಕೊಡ್ತೀರಾ ಮಾವ?" ಎಂದಳು ಕೊನೆಗೆ. ಅವರು ಹೂಂ ಎಂದು ತಲೆಯಾಡಿಸಿದರು.

"ಹಾಗಾದ್ರೆ ಇವತ್ತು ಎರಡೂ ತೋರಿಸಿ."

"ತೋರಿಸ್ತೀನಮ್ಮ," ಎಂದು ಅವರು ಮೊಣಕಾಲು ಹಿಡಿದು ಎದ್ದರು. ಬಾಗಿಲಲ್ಲಿ ನಿಂತು ನೆನೆದ ವಿಮಾನದ ಕಡೆ ನೋಡಿ, ನನ್ನತ್ತ ತಿರುಗಿದರು.

"ಸ್ವಾಮಿ, ನೀವು ಹಿಂದಿನ ಸೀಟು ತಾನೇ? ಸ್ವಲ್ಪ ಬಲಗಡೆಗೆ ಸರಿದು ಕೂತ್ಕೊಳ್ಳಿ... ಭಾವ ಆಗಲೇ ಬಂದು ಕೂತಿದ್ದಾರೆ."