ಬಾವಿಗೆ ಇಳಿಸಿದ ಸ್ಪೀಕರ್

ಬಾಗಿಲು ಎಳೆದುಕೊಳ್ಳಿ. ಮೆಲ್ಲ ಹೇಳ್ತೇನೆ, ಪಕ್ಕದ ರೂಮಿನವರಿಗೆ ಬೆಳಿಗ್ಗೆ ಡ್ಯೂಟಿ ಉಂಟು. ಮತ್ತೆ ಮಧ್ಯದಲ್ಲಿ ಯಾರೂ ನಗಬಾರದು. ನಾನೂ ನಿಮ್ಮ ಹಾಗೆ ನರ್ಸೇ. ಎಷ್ಟೋ ಹೆಣ ತೊಳೆದು ಬಂದು ಕೈ ತೊಳೆದು ಊಟ ಮಾಡಿದವಳು. ದೆವ್ವ ಗಿವ್ವ ಅಂತ ಹೆದರುವ ಪೈಕಿ ಅಲ್ಲ. ಇದು ನನ್ನ ದೊಡ್ಡಮ್ಮನ ಮಕ್ಕಳಿಗೆ ಆದದ್ದು. ಅರ್ಧ ನಾನೇ ಕೇಳಿದ್ದು, ಈ ಕಿವಿಯಲ್ಲಿ.

ಆಗ ನನಗೆ ಸುಳ್ಯದಲ್ಲಿ ಕೆಲಸ. ಇದ್ದದ್ದು ಕೊಲ್ಲಮೊಗ್ರಿನಲ್ಲಿ, ಕಮಲಾವತಿ ದೊಡ್ಡಮ್ಮನ ಮನೆಯಲ್ಲಿ. ಕೊನೆಯ ಬಸ್ಸಿಗೆ ಇಳಿದರೆ ದೊಡ್ಡಮ್ಮನ ಸಣ್ಣ ಮಗ ಕೀರ್ತನ್ ಟಾರ್ಚ್ ಹಿಡಿದು ನಿಂತಿರ್ತಿದ್ದ. ದಾರಿಯಲ್ಲಿ ಒಂದು ಗೋಳಿಮರ, ಅದರ ಕಟ್ಟೆಯ ಹತ್ತಿರ ಕಲ್ಲು ಕಟ್ಟಿದ ಹಾಳುಬಾವಿ. ಅದರ ನೀರು ಯಾರೂ ಸೇದುದಿಲ್ಲ. ಬಾವಿಗೆ ಬಗ್ಗಿ ಯಾರ ಹೆಸರನ್ನೂ ಕರೆಯಬಾರದು ಅಂತ ಹಿರಿಯರು ಹೇಳ್ತಾರೆ. ಕರೆದವರಿಗೆ ಎಂತದೂ ಆಗುದಿಲ್ಲ. ಆ ಹೆಸರಿನವರಿಗೆ ಆಗುದು.

ಒಂದು ರಾತ್ರಿ ಸರಿಯಾಗಿ ಅಲ್ಲಿಗೆ ಬಂದಾಗ ಕೀರ್ತನ್‌ನ ಫೋನ್ ರಿಂಗಾಯಿತು. ಗಿಟಾರಿನ ರಿಂಗ್‌ಟೋನ್. ಅವನು ತೆಗೆಯಲಿಲ್ಲ, ನಿಂತೇಬಿಟ್ಟ. ಫೋನ್ ಸುಮ್ಮನಾಯಿತು. ಆದರೆ ಬಾವಿಯೊಳಗೆ ಆ ಸ್ವರ ಸುತ್ತುತ್ತಾ ಇತ್ತು... ಊಂಂ... ಊಂ... ಕೆಳಗೆ, ಇನ್ನೂ ಕೆಳಗೆ.

"ದೀಕ್ಷಿತಾ... ಇದೇ," ಅಂದ.

"ಎಂತ ಇದೇ?"

"ಅಣ್ಣ ಹುಡುಕ್ತಾ ಇದ್ದದ್ದು."

ನಾವು ಮಾತಾಡಿದ್ದು ಅರೆಭಾಷೆಯಲ್ಲಿ, ನಿಮಗೆ ತಿಳಿಯಲಿ ಅಂತ ಕನ್ನಡದಲ್ಲಿ ಹೇಳ್ತಾ ಇದ್ದೇನೆ.

ಅಣ್ಣ ಅಂದರೆ ತೀರ್ಥರಾಮ, ನಮ್ಮ ತೀರ್ಥಣ್ಣ. ಪುತ್ತೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತಿದ್ದ. ಮದುವೆ ಹಾಲಿನಲ್ಲಿ ಸಿನೆಮಾ ಹಾಡು, ಮನೆಗೆ ಬಂದರೆ ಬೇರೆಯೇ ಹುಚ್ಚು. ವಿದೇಶದ ಒಬ್ಬ ಹೆಸರುವಾಸಿ ರಾಕ್ ಗಿಟಾರಿನವ ಇದ್ದಾನಲ್ಲ, ಅವನ ಹೆಸರು ನನ್ನ ನಾಲಗೆಗೆ ತಿರುಗುದಿಲ್ಲ, ಅವನ ಸ್ವರ, ಅದರ ಎಕೋ ಸಮೇತ, ಇದ್ದ ಹಾಗೇ ತರಬೇಕು. ಅದಕ್ಕೆ ಕಾಲಲ್ಲಿ ಒತ್ತುವ ಸಣ್ಣ ಸಣ್ಣ ಪೆಟ್ಟಿಗೆ, ಪೆಡಲ್ ಅಂತ. ಒಂದು ಸ್ವರವನ್ನು ಹರಿದುಹಾಕುದು, ಒಂದು ಮಗು ಅತ್ತ ಹಾಗೆ ಮಾಡುದು, ಒಂದು ಎಕೋ ಕೊಡುದು. ಒಂದು ಹಳೆಯ ಪೆಡಲ್ ಸೆಕೆಗೆ ಸ್ವರ ಕೆಡಿಸ್ತದೆ ಅಂತ ಫ್ರಿಜ್ಜಿನಲ್ಲಿ ದೊಡ್ಡಮ್ಮನ ಮೊಸರಿನ ಪಕ್ಕ ಇಡ್ತಿದ್ದ. ಅದಕ್ಕೆ ಹೊಸ ಬ್ಯಾಟರಿ ಆಗುದಿಲ್ಲ, ಮುಗಿಯಲಿಕ್ಕೆ ಬಂದದ್ದೇ ಬೇಕು. ಆರ್ಕೆಸ್ಟ್ರಾದವರು ಮೈಕಿನಿಂದ ತೆಗೆದು ಬಿಸಾಡಿದ್ದನ್ನೆಲ್ಲ ಹೆಕ್ಕಿ ತರ್ತಿದ್ದ. ದೊಡ್ಡಮ್ಮ ಬೈದು ಬೈದು ಸುಸ್ತು.

ಕಡಬದಲ್ಲಿ ಒಂದು ಮದುವೆ ಮುಗಿಸಿ ಬರುವಾಗ ಬೈಕ್ ಸ್ಕಿಡ್ ಆಯಿತು. ತಲೆಗೆ ಪೆಟ್ಟು. ಅಲ್ಲಿಂದ ಮಂಚವೇ. ವರ್ಷ ಕಳೆದರೂ ಮಾತಿಲ್ಲ. ಕಣ್ಣು ತೆರೆದಿರ್ತದೆ, ನೋಡುದಿಲ್ಲ. ಮೂಗಿನ ಟ್ಯೂಬಿನಲ್ಲಿ ಗಂಜಿನೀರು. ಆಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದರು. ಹಾಗೆಂದರೆ ಎಂತ ಅಂತ ನಮಗೆ ಗೊತ್ತಿಲ್ವಾ?

ಒಂದು ಸಂಜೆ ಕೀರ್ತನ್ ಸುಮ್ಮನೆ ಅಣ್ಣನ ಗಿಟಾರ್ ತೆಗೆದು, ಪೆಡಲ್ ಜೋಡಿಸಿ, ಅದೇ ರಾಕ್‌ನವನ ಒಂದು ತುಂಡು ನುಡಿಸಿದ. ತೀರ್ಥಣ್ಣನ ತುಟಿ ಅಲುಗಿತು. ಒಂದೇ ಸಲ. ಆಮೇಲೆ ಅದೇ ಹಾಡನ್ನು ಫೋನಿನಲ್ಲಿ ಹಾಕಿ ನೋಡಿದೆವು, ಎಂತದೂ ಇಲ್ಲ. ಆ ಹೊತ್ತಿಗೆ ಕೈಯಲ್ಲಿ ನುಡಿಸಿದ್ದೇ ಆಗಬೇಕು. ಕೀರ್ತನ್‌ಗೆ ಅಷ್ಟು ಸಾಕಾಯಿತು. ಸ್ವರ ಪೂರ್ತಿ ಸರಿಯಾದರೆ ಅಣ್ಣ ಪೂರ್ತಿ ವಾಪಸ್ ಬರ್ತಾನೆ ಅಂತ ಅವನ ಲೆಕ್ಕ. ನಗಬೇಡಿ ಅಂದೆನಲ್ಲ. ಮಂಚದ ಪಕ್ಕ ಕೂತವರಿಗೆ ಬೇರೆ ಲೆಕ್ಕ ಹೊಳೆಯುದಿಲ್ಲ.

ಎಲ್ಲ ಬಂತು, ಎಕೋ ಬರಲಿಲ್ಲ. ಪೆಡಲಿನ ಎಕೋ ಪ್ಲಾಸ್ಟಿಕ್ ಬಕೆಟಿನ ಹಾಗೆ ಕೇಳ್ತದೆ ಅಂತ ರಾತ್ರಿಯೆಲ್ಲ ಕೂತು ತಿರುಗಿಸ್ತಿದ್ದ. ಅಷ್ಟರಲ್ಲಿ ತೀರ್ಥಣ್ಣನ ಎದೆಯಲ್ಲಿ ಕಫ ಕಟ್ಟಿತು. ಗೊರ್ರ್... ಗೊರ್ರ್... ಆ ಶಬ್ದ ನಿಮಗೂ ಗೊತ್ತುಂಟು. ಇನ್ನು ಹೆಚ್ಚು ದಿನ ಇಲ್ಲ ಅಂತ ನಾನೇ ಕೀರ್ತನ್‌ಗೆ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಬಾವಿ ಸಿಕ್ಕಿದ್ದು ಆ ವಾರವೇ.

ಮರುದಿನ ಕತ್ತಲಾದ ಮೇಲೆ ಹಿಶಾಮ್ ಪಿಕಪ್ ತಂದ. ಕುಂಬ್ರದಲ್ಲಿ ಸೌಂಡ್ಸ್ ಅಂಗಡಿ ಇಟ್ಟವ, ತೀರ್ಥಣ್ಣನ ದೋಸ್ತಿ. ಸ್ಪೀಕರಿಗೆ ಹಗ್ಗ ಬಿಗಿದು ಬಾವಿಗೆ ಇಳಿಸುದು, ಕೀರ್ತನ್ ಕಟ್ಟೆಯಲ್ಲಿ ಕೂತು ನುಡಿಸುದು, ಬಾವಿಯ ದಂಡೆಯಲ್ಲಿ ಫೋನ್ ಇಡುದು. ಇಲ್ಲಿ ಮನೆಯಲ್ಲಿ ನಾನು ನನ್ನ ಫೋನನ್ನು ತೀರ್ಥಣ್ಣನ ಕಿವಿಗೆ ಹಿಡಿಯುದು, ಎರಡೂ ಫೋನ್ ಲೌಡ್‌ಸ್ಪೀಕರಿನಲ್ಲಿ. ಹೊರಡುವಾಗ ಕೀರ್ತನ್‌ನ ಕೈ ಹಿಡಿದು ಹೇಳಿದೆ, ಅಲ್ಲಿ ಹೆಸರು ಮಾತ್ರ ಎತ್ತಬೇಡ ಅಂತ.

"ನಾನು ಎಂತಕ್ಕೆ ಕರೆಯುದು? ನುಡಿಸುದು ಮಾತ್ರ," ಅಂದ.

ಫೋನಿನಲ್ಲಿ ಮೊದಲು ಹಗ್ಗ... ಕಿರ್ರ್... ಕಿರ್ರ್. ಹಿಶಾಮ್ ಕೆಮ್ಮಿದ. ಟಕ್ ಅಂತ ಪೆಡಲ್ ಒತ್ತಿದ್ದು ಕೇಳಿತು.

ಆಮೇಲೆ ಬಂತು.

ನನಗೆ ಸಂಗೀತದ ಗಂಧ ಇಲ್ಲ. ಆದರೂ ಕೈಯ ರೋಮ ಎಲ್ಲ ನಿಂತವು. ಒಂದು ಸ್ವರ ಮೇಲೆ ಹೋಗಿ, ಅಲ್ಲಿಯೇ ನಿಂತು ನಡುಗ್ತಾ ಇತ್ತು. ಇಳಿಯುದೇ ಇಲ್ಲ... ಇಳಿಯುದೇ ಇಲ್ಲ. ತೀರ್ಥಣ್ಣನ ಎದೆಯ ಗೊರಗೊರ ನಿಂತಿತು. ಅವನ ಕಣ್ಣು ಮೆಲ್ಲ ಹೊರಳಿ ಫೋನಿನ ಕಡೆ ಬಂತು. ನೋಡಿದ. ದೇವರಾಣೆ ನೋಡಿದ.

"ಕೀರ್ತನ್... ನೋಡ್ತಾ ಇದ್ದಾನೆ," ಅಂದೆ.

ಆ ಕಡೆ ಧಡ್ ಅಂತ ಗಿಟಾರ್ ಕಟ್ಟೆಗೆ ಬಿದ್ದ ಶಬ್ದ. ಒಣಗಿದ ತರಗೆಲೆಯ ಮೇಲೆ ಓಡಿದ ಕಾಲು. ಮರುಗಳಿಗೆ ಬಾವಿಯ ಒಳಗಿಂದ ಬಂದ ಹಾಗೆ ಅವನ ದನಿ...

"ತೀರ್ಥಣ್ಣಾ... ಬಾ..."

ಇನ್ನೊಂದು ಕೇಳಿ. ಗಿಟಾರ್ ನಿಂತಿರಲಿಲ್ಲ.

ಹಿಶಾಮ್‌ನ ಪಿಸುಮಾತು ಕೇಳಿತು. "ನೀನು ನುಡಿಸ್ತಾ ಇಲ್ವಲ್ಲ ಮಾರಾಯ."

"ಇಲ್ಲ."

"ಮತ್ತೆ... ಯಾರು?"

ಹಿಶಾಮ್ ಟಪ್ ಅಂತ ಗಿಟಾರಿನ ವಯರ್ ಕಿತ್ತ. ನಿಲ್ಲಲಿಲ್ಲ. ಸ್ಪೀಕರಿನದ್ದೂ ಕಿತ್ತ. ಟಪ್. ನಿಲ್ಲಲಿಲ್ಲ. ಕೀರ್ತನ್ ಅಳ್ತಾ ಇದ್ದ. ಇದು ಅಣ್ಣನ ಕೈ, ಅಣ್ಣನದ್ದೇ ಕೈ, ನನಗೆ ಗೊತ್ತಾಗುದಿಲ್ವಾ ಅಂತ ಅಳ್ತಾ ಇದ್ದ.

ಇಲ್ಲಿ ದೊಡ್ಡಮ್ಮನಿಗೆ ಇದೆಲ್ಲ ತಿಳಿಯಲಿಲ್ಲ. ಮಗನ ಕಾಲು ತಿಕ್ಕುತ್ತಾ, ಮುಖ ಅರಳಿಸಿಕೊಂಡು ಹೇಳಿದರು: "ನಿಲ್ಲಿಸ್ಬೇಡ ಅಂತ ಹೇಳು ಕೀರ್ತನ್‌ಗೆ. ಇವನಿಗೆ ಹಿತ ಆಗ್ತಾ ಉಂಟು."

ನನ್ನ ಬೆರಳು ಅವನ ನಾಡಿಯ ಮೇಲಿತ್ತು. ನಾಡಿ ಇರಲಿಲ್ಲ. ಯಾವಾಗ ಹೋಯಿತೋ... ನನಗೇ ಗೊತ್ತಾಗಲಿಲ್ಲ. ಫೋನಿನಲ್ಲಿ ಆ ಸ್ವರ ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಕಪ್ಪೆಗಳ ಶಬ್ದ ಮಾತ್ರ.

ಕೀರ್ತನ್ ಈಗ ಗಿಟಾರ್ ಮುಟ್ಟುದಿಲ್ಲ. ನಾನು ಊರಿಗೆ ಹೋದಾಗೆಲ್ಲ ಒಂದೇ ಕೇಳುದು, "ಆವತ್ತು ಅಣ್ಣ ಹೋದದ್ದು ನಾನು ಕರೆದದ್ದಕ್ಕಾ, ಅಲ್ಲ ಹೇಗೂ ಹೋಗುವವನಾ?" ಪಾಪದವ.

ಕಫ ಕಟ್ಟಿತ್ತು, ಸಮಯ ಬಂದಿತ್ತು ಅಂತ ನೀವು ಹೇಳ್ತೀರಿ. ಅವನಿಗೆ ನಾನೂ ಅದನ್ನೇ ಹೇಳುದು. ಆದರೆ ಆ ರಾತ್ರಿ ತೀರ್ಥಣ್ಣನನ್ನು ತೊಳೆದದ್ದು ನಾನು. ಗಿಟಾರಿನವರಿಗೆ ತಂತಿ ಒತ್ತಿ ಒತ್ತಿ ಎಡಗೈಯ ಬೆರಳ ತುದಿ ದಡ್ಡುಗಟ್ಟಿರ್ತದೆ. ನುಡಿಸುದು ಬಿಟ್ಟರೆ ಸುಲಿದು ಹೋಗ್ತದೆ. ಅವನದ್ದು ಯಾವಾಗಲೋ ಹೋಗಿತ್ತು, ಉಗುರು ತೆಗೆಯುವಾಗೆಲ್ಲ ನೋಡ್ತಿದ್ದೆ, ಎಳೆ ಮಗುವಿನ ಬೆರಳು. ಆವತ್ತು ಮುಷ್ಟಿ ಬಿಡಿಸಿದರೆ... ತುದಿಗಳೆಲ್ಲ ದಡ್ಡುಗಟ್ಟಿದ್ದವು. ಅಡ್ಡಕ್ಕೆ ತಂತಿಯ ಗೆರೆ. ತೋರುಬೆರಳಿನದ್ದು ಒಡೆದು ರಕ್ತ ಬಂದಿತ್ತು, ಹಸಿ ರಕ್ತ.

ಸುಳ್ಳಲ್ಲ ಮಾರಾಯ್ತಿ. ಹತ್ತಿಯಲ್ಲಿ ಒರೆಸಿದ್ದು ನಾನೇ.